ಟೈರ್ ಬದಲಾಯಿತು, ಮೀಟರಿಗೆ ಗೊತ್ತಾಗಲಿಲ್ಲ

ಅಮಾವಾಸ್ಯೆಯ ಹಿಂದಿನ ದಿನ ದಾವಣಗೆರೆಯಿಂದ ಉಕ್ಕಡಗಾತ್ರಿಗೆ ಹೊರಟಿದ್ದೆವು. ಅಕ್ಕನ ಮಗನ ಬೊಲೆರೊ. ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ಪಕ್ಕದಲ್ಲಿ ಅಲ್ಲಿಯ ಅಜ್ಜಯ್ಯನ ಗದ್ದುಗೆಗೆ ಒಪ್ಪಿಸಬೇಕಾದ ಕಾಯಿ, ಹೂವು, ಊದುಬತ್ತಿಯ ಚೀಲ. ಊರು ದಾಟಿ ಹೆದ್ದಾರಿಗೆ ಬಂದದ್ದೇ ಹುಡುಗ ತನ್ನ ಚಿಂತೆ ತೆಗೆದ. “ಟೈರ್ ಹಾಕ್ಸಿದ ಮ್ಯಾಲೆ ಮೈಲೇಜ್ ಬಿದ್ದೈತಿ ಮಾವ. ಮೊದ್ಲು ಲೀಟರಿಗೆ ಹದಿಮೂರು ಬರ್ತಿತ್ತು. ಈಗ ಹನ್ನೆರಡೂವರೆ ಮ್ಯಾಲೆ ಹೋಗವಲ್ದು.”

ಕಂಪನಿಯಿಂದ ಬಂದಾಗ ಆ ಗಾಡಿಗೆ ಇದ್ದದ್ದು 215/75 ಆರ್15 ಅಳತೆಯ ಟೈರು. ಅದು ಸವೆದ ಮೇಲೆ ಅವನು ಹಾಕಿಸಿದ್ದು 235/75 ಆರ್15. ನೋಡಲು ದಷ್ಟಪುಷ್ಟ, ಹೊಲದ ದಾರಿಗೂ ಒಳ್ಳೆಯದು ಎಂದು ಯಾರೋ ಹೇಳಿದ್ದರಂತೆ. ಒಂದು ಪರೀಕ್ಷೆ ಮಾಡೋಣ ಎಂದೆ. ರಸ್ತೆ ಬದಿಯ ಒಂದು ಕಿಲೋಮೀಟರ್ ಕಲ್ಲು ಬಂದಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತಂದೆವು. ಬಾತಿ ದಾಟಿ ಹರಿಹರದ ಕಡೆ ಸಾಗುತ್ತ ಕಲ್ಲುಗಳನ್ನು ಒಂದೊಂದಾಗಿ ಅಕ್ಕನೇ ಎಣಿಸಿದಳು. ಹತ್ತನೆಯ ಕಲ್ಲು ಬಂದಾಗ ಟ್ರಿಪ್ ಮೀಟರು ತೋರಿಸಿದ್ದು 9.6. ಕಲ್ಲು ಹತ್ತು ಅನ್ನುತ್ತಿತ್ತು, ಗಾಡಿ ಒಪ್ಪುತ್ತಿರಲಿಲ್ಲ.

ಆ 400 ಮೀಟರ್ ಎಲ್ಲಿ ಹೋಯಿತು? ದೂರದಲ್ಲಿ ಇಷ್ಟು ತಪ್ಪಿದ ಮೀಟರು ವೇಗದಲ್ಲಿ ಎಷ್ಟು ತಪ್ಪುತ್ತಿರಬೇಕು? ಟೈರಿನ ಅಳತೆ ಬದಲಿಸಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು. ಟೈರ್ ಅಂಗಡಿ, ಮೆಕ್ಯಾನಿಕ್, ಆರ್‌ಟಿಒ ಕಚೇರಿ, ಹಳೆಯ ಡ್ರೈವರ್ ಎಲ್ಲರ ಬಳಿಯೂ ಉತ್ತರವಿದೆ. ಆದರೆ ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಆ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದು ಎಲ್ಲಿಯವರೆಗೆ ಸರಿ ಎಂದು ನೋಡುವುದು ಈ ಲೇಖನದ ಉದ್ದೇಶ.

ಮೀಟರು ಎಣಿಸುವುದು ಸುತ್ತುಗಳನ್ನು

ಸ್ಪೀಡೋಮೀಟರಿಗೆ ರಸ್ತೆ ಕಾಣುವುದಿಲ್ಲ. ಗಾಲಿ, ಅಥವಾ ಗಾಲಿಗೆ ಜೋಡಿಸಿದ ಗೇರ್‌ಬಾಕ್ಸಿನ ಶಾಫ್ಟು ಎಷ್ಟು ಬೇಗ ಸುತ್ತುತ್ತಿದೆ ಎಂಬುದಷ್ಟೇ ಅದಕ್ಕೆ ತಿಳಿಯುವ ಸಂಗತಿ. ಒಂದು ಸುತ್ತಿಗೆ ಗಾಡಿ ಎಷ್ಟು ಮುಂದೆ ಹೋಗುತ್ತದೆ ಎಂಬ ಸಂಖ್ಯೆಯನ್ನು ಕಾರ್ಖಾನೆಯಲ್ಲೇ ಅದರೊಳಗೆ ಕೂರಿಸಿರುತ್ತಾರೆ. ಆ ಸಂಖ್ಯೆ ಹುಟ್ಟಿದ್ದು ಕಂಪನಿ ಹಾಕಿದ ಟೈರಿನ ಅಳತೆಯಿಂದ. ನಾವು ಟೈರ್ ಬದಲಿಸಿದರೂ ಮೀಟರು ಹಳೆಯ ಸಂಖ್ಯೆಯನ್ನೇ ನಂಬಿಕೊಂಡು ಗುಣಿಸುತ್ತಿರುತ್ತದೆ.

ಹರಿಹರದವರಿಗೆ ಈ ಲೆಕ್ಕ ಹೊಸದಲ್ಲ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳು ತಯಾರಾಗುತ್ತಿದ್ದವು. ಕಾರ್ಖಾನೆ ಈಗಿಲ್ಲ, ಅಲ್ಲಿ ಕೈ ಪಳಗಿಸಿಕೊಂಡವರು ಊರಲ್ಲಿ ಇನ್ನೂ ಇದ್ದಾರೆ. ಲೇತಿನ ಮುಂದೆ ನಿಂತ ಟರ್ನರ್ ಕಲಿಯುವ ಮೊದಲ ಪಾಠಗಳಲ್ಲಿ ಒಂದು: ಜಾಬಿನ ವ್ಯಾಸವನ್ನು ಪೈಯಿಂದ ಗುಣಿಸು, ಬಂದದ್ದನ್ನು ನಿಮಿಷದ ಸುತ್ತಿನಿಂದ ಗುಣಿಸು, ಕಟಿಂಗ್ ಸ್ಪೀಡ್ ಸಿಗುತ್ತದೆ. ಜಾಬು ದಪ್ಪವಿದ್ದರೆ ಅಷ್ಟೇ ಸುತ್ತಿಗೆ ಅದರ ಮೈ ಟೂಲಿನ ಮುಂದೆ ಹೆಚ್ಚು ವೇಗದಲ್ಲಿ ಹಾಯುತ್ತದೆ. ಅದಕ್ಕೇ ದಪ್ಪ ಜಾಬಿಗೆ ಟರ್ನರ್ ಸುತ್ತು ಇಳಿಸುತ್ತಾನೆ. ಕಾರಿನ ವೇಗಕ್ಕೂ ಇದೇ ಸೂತ್ರ. ವ್ಯತ್ಯಾಸ ಒಂದೇ: ವ್ಯಾಸ ಬದಲಾದದ್ದು ಟರ್ನರನ ಕಣ್ಣಿಗೆ ಬೀಳುತ್ತದೆ, ಸ್ಪೀಡೋಮೀಟರಿಗೆ ಕಣ್ಣಿಲ್ಲ.

ಟೈರಿನ ಪಕ್ಕದಲ್ಲಿ ಬರೆದ ಅಕ್ಷರ ಓದಲು ಬಂದರೆ ಈ ಲೆಕ್ಕ ಯಾರು ಬೇಕಾದರೂ ಮಾಡಬಹುದು. 215/75 ಆರ್15 ಎಂದರೆ ಟೈರಿನ ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75, ರೇಡಿಯಲ್ ಜಾತಿ, ರಿಮ್ಮು 15 ಇಂಚು. ರಿಮ್ಮಿನ 381 ಮಿ.ಮೀ.ಗೆ ಮೇಲಿನ ಗೋಡೆ, ಕೆಳಗಿನ ಗೋಡೆ ಎರಡನ್ನೂ ಸೇರಿಸಿದರೆ ಒಟ್ಟು ವ್ಯಾಸ 703.5 ಮಿ.ಮೀ. ಹೊಸ ಟೈರಿಗೆ ಇದೇ ಲೆಕ್ಕ ಹಾಕಿದರೆ 733.5 ಮಿ.ಮೀ. ಹೆಚ್ಚಾದದ್ದು 30 ಮಿ.ಮೀ., ಅಂದರೆ ಶೇ 4.3. ಟೈರು ಪೂರ್ತಿ ದುಂಡಗಿದೆ ಎಂದಿಟ್ಟುಕೊಂಡರೆ, ಹಳೆಯದು ಒಂದು ಕಿಲೋಮೀಟರಿಗೆ ಸುಮಾರು 452 ಸುತ್ತು ಹಾಕುವಲ್ಲಿ ಹೊಸದಕ್ಕೆ 434 ಸಾಕು. ಮೀಟರು ಮಾತ್ರ 452 ಆಗುವತನಕ ಕಿಲೋಮೀಟರ್ ಮುಗಿಯಿತು ಎಂದು ಒಪ್ಪುವುದಿಲ್ಲ. ಬಾತಿ ದಾರಿಯಲ್ಲಿ ಕಳೆದುಹೋದ 400 ಮೀಟರ್ ಇಲ್ಲಿ ಸಿಕ್ಕಿತು.

ಟೈರು ಅಗಲವಾದರೆ ಎತ್ತರವೂ ಆದಂತೆ ಎಂಬುದು ತಪ್ಪು ತಿಳಿವಳಿಕೆ. ಮಾರುತಿ ಸ್ವಿಫ್ಟ್‌ನ ಕೆಳಗಿನ ಮಾದರಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಟೈರು ಬಂದಿದೆ. ಅಗಲ ಬೇರೆ, ರಿಮ್ಮು ಬೇರೆ. ಆದರೆ ವ್ಯಾಸ ಲೆಕ್ಕ ಹಾಕಿ ನೋಡಿ: ಒಂದು 619.6 ಮಿ.ಮೀ., ಇನ್ನೊಂದು 621.5. ಎರಡು ಮಿಲಿಮೀಟರಿನ ಅಂತರವೂ ಇಲ್ಲ. ರಿಮ್ಮು ದೊಡ್ಡದಾದಷ್ಟು ಗೋಡೆಯನ್ನು ಗಿಡ್ಡ ಮಾಡಿ ಕಂಪನಿಯೇ ವ್ಯಾಸ ಕಾಯ್ದುಕೊಂಡಿದೆ. ಅದೇ 14 ಇಂಚಿನ ರಿಮ್ಮಿಗೆ ಯಾರಾದರೂ 185/65 ಆರ್14 ಹಾಕಿಸಿದರೆ ವ್ಯಾಸ 596 ಮಿ.ಮೀ.ಗೆ ಇಳಿದು, ಮೀಟರು ನಿಜಕ್ಕಿಂತ ಸುಮಾರು ಶೇ 4 ಹೆಚ್ಚು ತೋರಿಸತೊಡಗುತ್ತದೆ. ಟೈರು ಹಿಗ್ಗಿದರೆ ಮೀಟರು ಕಡಿಮೆ ಹೇಳುತ್ತದೆ, ಕುಗ್ಗಿದರೆ ಹೆಚ್ಚು ಹೇಳುತ್ತದೆ. ಈ ದಿಕ್ಕು ನೆನಪಿರಲಿ, ಮುಂದಿನ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ.

ಗಾಲಿಯಿಂದ ದೂರ ಅಳೆದ ಕತೆ

ಗಾಲಿಯ ಸುತ್ತು ಎಣಿಸಿ ದೂರ ತಿಳಿಯುವ ಉಪಾಯಕ್ಕೆ ಎರಡು ಸಾವಿರ ವರ್ಷ ದಾಟಿದೆ. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಇಂಥ ಒಂದು ಬಂಡಿಯನ್ನು ವರ್ಣಿಸಿದ್ದಾನೆ. ಗಾಲಿಯ ವ್ಯಾಸ ನಾಲ್ಕು ಅಡಿ. ಅದು 400 ಸುತ್ತು ಹಾಕಿದರೆ ಒಂದು ರೋಮನ್ ಮೈಲಿ. ಮೈಲಿಗೊಂದು ಗುಂಡುಕಲ್ಲು ಪೆಟ್ಟಿಗೆಯೊಳಗೆ ಸದ್ದು ಮಾಡಿ ಬೀಳುತ್ತದೆ. ಗಾಲಿಯ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು 400 ಪಟ್ಟಾಗಿ ಮೈಲಿಗೆ ಸೇರುತ್ತದೆ. ನಮ್ಮ ನೆಲದಲ್ಲೂ ಈಸ್ಟ್ ಇಂಡಿಯಾ ಕಂಪನಿಯ ಸರ್ವೇದಾರರು ಪೆರಾಂಬ್ಯುಲೇಟರ್ ಎಂಬ ಕೈಗಾಲಿಯನ್ನು ತಳ್ಳಿಕೊಂಡು ದಾರಿಗಳ ಉದ್ದ ಬರೆದುಕೊಂಡರು.

ದೂರದ ಜೊತೆಗೆ ವೇಗವನ್ನೂ ಮುಳ್ಳಿನಲ್ಲಿ ತೋರಿಸುವ ವಿಧಾನಕ್ಕೆ ಒಟ್ಟೊ ಶುಲ್ಟ್ಸೆ ಎಂಬ ಜರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ ಒಂದು ಲೋಹದ ಬಟ್ಟಲು. ತಿರುಗುವ ಅಯಸ್ಕಾಂತ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ, ಸಣ್ಣ ಸ್ಪ್ರಿಂಗು ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಎಳೆದಾಟದ ನಡುವೆ ಮುಳ್ಳು ನಿಂತ ಜಾಗವೇ ವೇಗ. ಅಂಬಾಸಿಡರ್, ಪದ್ಮಿನಿಯಿಂದ ಹಿಡಿದು ಮೊದಮೊದಲ ಮಾರುತಿಗಳವರೆಗೆ ನಮ್ಮ ರಸ್ತೆಯ ಕಾರುಗಳಲ್ಲಿ ಇದ್ದದ್ದು ಈ ಬಗೆಯದೇ. ಕೇಬಲ್ಲಿನ ಗ್ರೀಸ್ ಒಣಗಿದರೆ ಮುಳ್ಳು ಕುಣಿಯುತ್ತಿತ್ತು, ಕೇಬಲ್ ಕಟ್ಟಾದರೆ ಸೊನ್ನೆಯಲ್ಲೇ ಮಲಗುತ್ತಿತ್ತು. ಗಮನಿಸಬೇಕಾದ ಸಂಗತಿ ಎಂದರೆ, ಆ ಮೀಟರಿನಲ್ಲಿ ವೇಗದ ಮುಳ್ಳಿಗೆ ಅಯಸ್ಕಾಂತ, ಕಿಲೋಮೀಟರ್ ಎಣಿಸುವ ಅಂಕಿಗಳಿಗೆ ಹಲ್ಲುಚಕ್ರ. ಒಂದೇ ಕೇಬಲ್ಲಿನಿಂದ ಎರಡು ಬೇರೆ ದಾರಿ. ಒಂದು ತಪ್ಪಿದರೆ ಇನ್ನೊಂದೂ ಅಷ್ಟೇ ತಪ್ಪಬೇಕೆಂದಿಲ್ಲ.

ಆಮೇಲೆ ಕೇಬಲ್ಲಿನ ಜಾಗಕ್ಕೆ ಸೆನ್ಸರ್ ಬಂತು, ಅಂಕಿಯ ಚಕ್ರದ ಜಾಗಕ್ಕೆ ಪರದೆ ಬಂತು. 2019ರ ಏಪ್ರಿಲ್‌ನಿಂದ ದೇಶದಲ್ಲಿ ಕಾರುಗಳಿಗೆ, ಬ್ರೇಕು ಹಾಕಿದಾಗ ಗಾಲಿ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾದ ಮೇಲೆ ನಾಲ್ಕೂ ಗಾಲಿಗಳ ಸುತ್ತು ಎಣಿಸುವ ಸೆನ್ಸರು ಪ್ರತಿ ಹೊಸ ಕಾರಿನಲ್ಲೂ ಇದೆ. ಎಣಿಕೆ ಬಹಳ ನಿಖರವಾಯಿತು. ಆದರೆ ಒಂದು ಸುತ್ತಿಗೆ ಎಷ್ಟು ದೂರ ಎಂಬ ನಂಬಿಕೆ ಮಾತ್ರ ವಿಟ್ರೂವಿಯಸ್‌ನ ಬಂಡಿಯಲ್ಲಿ ಇದ್ದ ಹಾಗೆಯೇ ಉಳಿದಿದೆ.

ಕಾನೂನು ಒಪ್ಪುವ ಸುಳ್ಳು, ಒಪ್ಪದ ಸುಳ್ಳು

ಹೊಸ ಕಾರಿನ ಮೀಟರೂ ಪೂರ್ತಿ ನಿಜ ಹೇಳಬೇಕೆಂದಿಲ್ಲ, ಒಂದು ದಿಕ್ಕಿನ ಸುಳ್ಳಿಗೆ ನಿಯಮವೇ ಅವಕಾಶ ಕೊಟ್ಟಿದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಂತ್ರಣ ಈ ವಿಷಯದಲ್ಲಿ ಬಹಳ ದೇಶಗಳಿಗೆ ಆಧಾರ. ಅದರ ಸಾರ ಇಷ್ಟು: ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಬಹುದು, ಆದರೆ ನಿಜ ವೇಗದ ಹತ್ತನೇ ಒಂದು ಭಾಗ ಮತ್ತು ಮೇಲೆ 4 ಕಿ.ಮೀ. ಮೀರಬಾರದು. ಗಾಡಿ ನಿಜಕ್ಕೂ 80ರಲ್ಲಿ ಓಡುವಾಗ ಮುಳ್ಳು 80ರಿಂದ 92ರವರೆಗೆ ಎಲ್ಲಿದ್ದರೂ ಸರಿ, 79 ಇದ್ದರೆ ತಪ್ಪು. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮ ಸ್ಪೀಡೋಮೀಟರನ್ನು ಕಡ್ಡಾಯ ಮಾಡಿದೆ, ಅದಕ್ಕೆ ಐಎಸ್ 11827 ಎಂಬ ಭಾರತೀಯ ಮಾನಕವೂ ಇದೆ.

ಹೆಚ್ಚು ಹೇಳುವ ಸುಳ್ಳು ಚಾಲಕನನ್ನು ನಿಧಾನ ಮಾಡಿಸುತ್ತದೆ, ಕಡಿಮೆ ಹೇಳುವ ಸುಳ್ಳು ಅವನಿಗೆ ಗೊತ್ತಾಗದಂತೆ ವೇಗ ಹೆಚ್ಚಿಸುತ್ತದೆ. ಆದ್ದರಿಂದಲೇ ಎರಡೂ ಸುಳ್ಳುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕಂಪನಿಗಳು ಟೈರಿನ ತಯಾರಿಕೆಯಲ್ಲಿನ ಸಣ್ಣ ವ್ಯತ್ಯಾಸ, ಹೊಸ ಟೈರಿನ ಎತ್ತರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಮೀಟರನ್ನು ಸ್ವಲ್ಪ ಮುಂದಿಟ್ಟೇ ಕಳಿಸುತ್ತವೆ.

ಒಂದನೆಯ ವಾದ: ಕಂಪನಿ ಕೊಟ್ಟ ಅಳತೆ ಮುಟ್ಟಬೇಡಿ

ಶೋರೂಮು, ವಿಮೆ, ಆರ್‌ಟಿಒ ಕಡೆಯವರ ವಾದ ಇದು. ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲೋ ಮಾಲೀಕರ ಕೈಪಿಡಿಯಲ್ಲೋ ಬರೆದ ಅಳತೆಯನ್ನೇ ಹಾಕಿ, ಚರ್ಚೆ ಮುಗಿಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು.

ಈ ವಾದದ ಬಲ ಮೀಟರಿನಾಚೆಗೂ ಚಾಚುತ್ತದೆ. ಟೈರು ದೊಡ್ಡದಾದರೆ ಬ್ರೇಕಿನ ವಿರುದ್ಧ ಕೆಲಸ ಮಾಡುವ ಸನ್ನೆಯ ತೋಳು ಉದ್ದವಾಗುತ್ತದೆ. ಎಬಿಎಸ್ ನಾಲ್ಕು ಗಾಲಿಗಳ ಸುತ್ತನ್ನು ಒಂದಕ್ಕೊಂದು ಹೋಲಿಸಿ ನೋಡುವ ವ್ಯವಸ್ಥೆ. ಹಿಂದೆ ಒಂದಳತೆ, ಮುಂದೆ ಒಂದಳತೆ ಹಾಕಿದರೆ ಅದು ಗೊಂದಲಕ್ಕೆ ಬೀಳಬಹುದು. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾದ ವೇಗದ ಎಚ್ಚರಿಕೆ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೂಗುತ್ತದೆ. ಅದೂ ಇದೇ ಎಣಿಕೆಯನ್ನು ನಂಬಿದೆ. ಸರಕು, ಪ್ರಯಾಣಿಕ ವಾಹನಗಳ 80 ಕಿ.ಮೀ. ವೇಗ ನಿಯಂತ್ರಕದ್ದೂ ಅದೇ ಕತೆ. ಶೇ 4.3 ದೊಡ್ಡ ಟೈರು ಹಾಕಿದರೆ 80ಕ್ಕೆ ಕೂಗಬೇಕಾದ ಗಂಟೆ 83 ದಾಟಿದ ಮೇಲೆ ಕೂಗುತ್ತದೆ.

ಈ ವಾದ ಎಡವುವುದು ಒಂದು ಕಡೆ. ಒಂದೇ ಮಾದರಿಗೆ ಕಂಪನಿಯೇ ಎರಡು ಅಳತೆ ಕೊಟ್ಟಿರುವಾಗ ‘ಒಂದೇ ಸರಿಯಾದ ಟೈರು’ ಎಂಬ ಮಾತು ನಿಲ್ಲುವುದಿಲ್ಲ. ಕಾಯಬೇಕಾದದ್ದು ಅಕ್ಷರವನ್ನಲ್ಲ, ವ್ಯಾಸವನ್ನು ಎಂದು ಸ್ವಿಫ್ಟ್‌ನ ಉದಾಹರಣೆಯೇ ಹೇಳುತ್ತದೆ.

ಎರಡನೆಯ ವಾದ: ಶೇ 3ರೊಳಗೆ ಇದ್ದರೆ ಸಾಕು

ಟೈರ್ ವ್ಯಾಪಾರದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಸೂತ್ರ ಇದು. ಹೊಸ ಟೈರಿನ ವ್ಯಾಸ ಹಳೆಯದಕ್ಕಿಂತ ಶೇ 3ಕ್ಕಿಂತ ಹೆಚ್ಚು ಆಚೀಚೆ ಆಗದಿದ್ದರೆ ಧೈರ್ಯವಾಗಿ ಹಾಕಿ ಎನ್ನುತ್ತಾರೆ. ಇದರ ಗುಣ ಸರಳತೆ. ಅಂಗಡಿಯ ಕೌಂಟರಿನಲ್ಲೇ ಒಂದು ಕ್ಯಾಲ್ಕುಲೇಟರ್ ಹಿಡಿದು ನಿರ್ಧರಿಸಬಹುದು. ಸ್ವಿಫ್ಟ್‌ನ 165/80 ಆರ್14 ಜಾಗಕ್ಕೆ 185/70 ಆರ್14 ಹಾಕಿದರೆ ವ್ಯತ್ಯಾಸ ಶೇ 1ನ್ನೂ ಮುಟ್ಟುವುದಿಲ್ಲ, ಈ ಜರಡಿಯಲ್ಲಿ ಸುಲಭವಾಗಿ ಹಾಯುತ್ತದೆ. ನಮ್ಮ ಬೊಲೆರೊ ಹಾಯುವುದಿಲ್ಲ. ಹಳೆಯ ಮಾರುತಿ 800ಕ್ಕೆ 145/70 ಆರ್12 ಬದಲು 145/80 ಆರ್12 ಹಾಕಿದರೆ ಶೇ 5.7 ಹೆಚ್ಚಾಗಿ ಜರಡಿಯ ಹತ್ತಿರವೂ ಬರುವುದಿಲ್ಲ.

ಆದರೆ ಶೇ 3 ಎಂಬ ಗೆರೆ ಎರಡೂ ದಿಕ್ಕಿಗೆ ಒಂದೇ ರೀತಿ ಎಳೆದದ್ದು ಇದರ ದೋಷ. ಚಿಕ್ಕ ಟೈರಿನ ಶೇ 3 ನಿಮ್ಮನ್ನು ನಿಧಾನ ಮಾಡಿಸುತ್ತದೆ, ದೊಡ್ಡ ಟೈರಿನ ಶೇ 3 ಕಾನೂನು ಒಪ್ಪದ ಕಡೆಗೆ ನೂಕಬಹುದು.

ಮೂರನೆಯ ವಾದ: ದೊಡ್ಡ ಟೈರು ಮೀಟರನ್ನು ಸರಿಮಾಡುತ್ತದೆ

ಗಾಡಿಯ ಹುಚ್ಚಿರುವ ಹುಡುಗರಿಂದ ಹೆಚ್ಚಾಗಿ ಕೇಳುವ ಮಾತು. ಮೀಟರು ಹೇಗೂ ಹೆಚ್ಚು ತೋರಿಸುತ್ತದೆ, ದೊಡ್ಡ ಟೈರು ಅದನ್ನು ಕಡಿಮೆ ಮಾಡುತ್ತದೆ, ಎರಡೂ ಹೊಡೆದುಹೋಗಿ ಸತ್ಯ ಉಳಿಯುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಒಂದು ಗಾಡಿಯ ಮೀಟರು ಮೊದಲು ಶೇ 4 ಹೆಚ್ಚು ಹೇಳುತ್ತಿತ್ತು ಎಂದಿಟ್ಟುಕೊಳ್ಳಿ. ನಿಜವಾದ 80ಕ್ಕೆ ಅದು 83 ತೋರಿಸುತ್ತಿತ್ತು. ಶೇ 4.3 ದೊಡ್ಡ ಟೈರು ಹಾಕಿದರೆ ಮುಳ್ಳು 80ರ ಹತ್ತಿರ ಬಂದು ನಿಲ್ಲುತ್ತದೆ. ಹಿಂದಿಗಿಂತ ನಿಜಕ್ಕೆ ಹತ್ತಿರ.

ಆದರೆ ನಿಮ್ಮ ಗಾಡಿಯ ಮೀಟರು ಮೊದಲು ಎಷ್ಟು ಹೆಚ್ಚು ಹೇಳುತ್ತಿತ್ತು ಎಂದು ಅಳೆದವರು ಯಾರು? ಅದು ಶೇ 1 ಮಾತ್ರ ಮುಂದಿದ್ದರೆ ಇದೇ ಟೈರು ಹಾಕಿದ ಮೇಲೆ ನಿಜವಾದ 80ಕ್ಕೆ 77.5 ತೋರಿಸುತ್ತದೆ. ಒಂದು ಗಾಡಿಯಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಅಪಾಯ.

ಇನ್ನೂ ಒಂದು ಸಂಗತಿ ಈ ವಾದಕ್ಕೆ ತಪ್ಪಿಹೋಗಿದೆ. ಮುಂದಿಟ್ಟು ಕಳಿಸುವುದು ವೇಗದ ಮುಳ್ಳನ್ನು, ಕಿಲೋಮೀಟರ್ ಎಣಿಕೆಯನ್ನು ಅಷ್ಟೇ ಮುಂದಿಡಬೇಕಾದ ಅಗತ್ಯವಿಲ್ಲ. ಆದ್ದರಿಂದ ಮುಳ್ಳು ಸರಿಹೋದರೂ ಎಣಿಕೆ ಕೆಡಬಹುದು. ಹುಡುಗನ ಮೈಲೇಜ್ ಚಿಂತೆಗೆ ಉತ್ತರ ಇಲ್ಲಿದೆ. ಲೀಟರಿಗೆ ನಿಜಕ್ಕೂ 13 ಕಿ.ಮೀ. ಓಡಿದರೂ ಮೀಟರು ಎಣಿಸುವುದು 12.5ನ್ನು ಮಾತ್ರ. ಅವನು ಕಳೆದುಕೊಂಡೆ ಎಂದುಕೊಂಡ ಅರ್ಧ ಕಿಲೋಮೀಟರು ಡೀಸೆಲ್ಲಿನಲ್ಲಿ ಸೋರಿರಲಿಲ್ಲ, ಎಣಿಕೆಯಲ್ಲಿ ಸೋರಿತ್ತು. ಅಗಲ ಟೈರಿನ ಭಾರ, ಉಜ್ಜಾಟದಿಂದ ನಿಜವಾದ ನಷ್ಟವೂ ಸ್ವಲ್ಪ ಇರಬಹುದು. ಆದರೆ ಎಣಿಕೆಯ ನಷ್ಟ ಕಳೆಯದೆ ಅದನ್ನು ಕಾಣಲಾಗದು. ಆಯಿಲ್ ಬದಲಿಸುವ 10,000 ಕಿ.ಮೀ. ಕೂಡ ಹೀಗೆಯೇ 10,430 ಆಗಿರುತ್ತದೆ.

ನಾಲ್ಕನೆಯ ವಾದ: ಮೊಬೈಲ್ ಇರುವಾಗ ಮೀಟರು ಯಾಕೆ

2000ದ ಮೇ ತಿಂಗಳಲ್ಲಿ ಅಮೆರಿಕ ತನ್ನ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಂದೀಚೆಗೆ ಉಪಗ್ರಹದಿಂದ ವೇಗ ತಿಳಿಯುವುದು ಸಾಮಾನ್ಯರ ಕೈಗೂ ಬಂತು. ಅದಕ್ಕೆ ಟೈರಿನ ಹಂಗಿಲ್ಲ. ಬಯಲಿನಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಅದರಷ್ಟು ನಂಬಬಹುದಾದ ಅಳತೆ ಕಾರಿನ ಮೀಟರೂ ಅಲ್ಲ. ಹರಿಹರದಿಂದ ಮಲೇಬೆನ್ನೂರು ಕಡೆಗೆ, ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳ ನಡುವೆ ಆಕಾಶ ತೆರೆದೇ ಇದೆ. ಅಲ್ಲಿ ಫೋನು ಹಿಡಿದು ನೋಡಿದೆವು. ಮುಳ್ಳು 60ರಲ್ಲಿ ನಿಂತಾಗ ಫೋನು 61 ತೋರಿಸಿತು. ಕಿಲೋಮೀಟರ್ ಕಲ್ಲಿನ ಲೆಕ್ಕದಂತೆ 62.5 ಬರಬೇಕಿತ್ತು. ಆ ಒಂದೂವರೆ ಕಿ.ಮೀ. ಅಂತರ ಮುಳ್ಳನ್ನು ಮೊದಲೇ ಮುಂದಿಟ್ಟಿದ್ದರ ಗುರುತು. ಮೂರನೆಯ ವಾದದವರು ಹೇಳುವುದು ಅಷ್ಟರಮಟ್ಟಿಗೆ ಈ ಗಾಡಿಯಲ್ಲಿ ನಿಜವಾಗಿತ್ತು, ಪೂರ್ತಿ ಅಲ್ಲ.

ಈ ವಾದದ ಮಿತಿ ಬಳಕೆಯಲ್ಲಿದೆ. ವೇಗ ಏರಿಸುವಾಗ, ಇಳಿಸುವಾಗ ಫೋನಿನ ಅಂಕಿ ಒಂದೆರಡು ಕ್ಷಣ ಹಿಂದೆ ಬೀಳುತ್ತದೆ. ಸುರಂಗ, ದಟ್ಟ ಮರ, ಎತ್ತರದ ಕಟ್ಟಡದ ಸಂದುಗಳಲ್ಲಿ ತಪ್ಪುತ್ತದೆ. ಎಲ್ಲಕ್ಕಿಂತ ದೊಡ್ಡದು, ಓಡಿಸುವವನ ಕಣ್ಣು ರಸ್ತೆ ಬಿಟ್ಟು ಫೋನಿಗೆ ಹೋಗುವುದು. ಮೀಟರನ್ನು ತೂಗಿ ನೋಡಲು ಜಿಪಿಎಸ್ ಒಳ್ಳೆಯ ತಕ್ಕಡಿ, ದಿನವೂ ಮೀಟರಿನ ಬದಲಿಗೆ ಇಟ್ಟುಕೊಳ್ಳುವಂಥದ್ದಲ್ಲ. ಫೋನು ಇಲ್ಲದಿದ್ದರೂ ಪರವಾಗಿಲ್ಲ. ಪಕ್ಕದಲ್ಲಿ ಕೂತವರು ಗಡಿಯಾರ ನೋಡಲಿ. ಒಂದು ಕಿಲೋಮೀಟರ್ ಕ್ರಮಿಸಲು ಹಿಡಿದ ಸೆಕೆಂಡುಗಳಿಂದ 3600ನ್ನು ಭಾಗಿಸಿದರೆ ವೇಗ. 60 ಸೆಕೆಂಡಾದರೆ 60, 45 ಆದರೆ 80. ರಸ್ತೆ ಅಗಲಿಸುವಾಗ ಕಲ್ಲುಗಳು ಆಚೀಚೆ ಆಗಿರುವುದುಂಟು, ಆದ್ದರಿಂದ ಒಂದರ ಬದಲು ಹತ್ತು ಕಲ್ಲು ಹಿಡಿಯುವುದು ಕ್ಷೇಮ.

ಐದನೆಯ ವಾದ: ಮೀಟರನ್ನೇ ತಿದ್ದಿ

ಟೈರು ಬದಲಿಸುವುದು ತಪ್ಪಲ್ಲ, ಬದಲಿಸಿ ಮೀಟರಿಗೆ ತಿಳಿಸದಿರುವುದು ತಪ್ಪು ಎನ್ನುವವರು ಇವರು. ಕೇಬಲ್ ಕಾಲದಲ್ಲಿ ಗೇರ್‌ಬಾಕ್ಸಿನ ಸಣ್ಣ ಪ್ಲಾಸ್ಟಿಕ್ ಹಲ್ಲುಚಕ್ರವನ್ನು ಬೇರೆ ಹಲ್ಲಿನದಕ್ಕೆ ಬದಲಿಸಿ ಸರಿಮಾಡುತ್ತಿದ್ದರು. ಈಗಿನ ಕೆಲವು ಗಾಡಿಗಳಲ್ಲಿ ಕಂಪ್ಯೂಟರಿನ ಮೂಲಕ ಟೈರಿನ ಅಳತೆ ಬದಲಿಸಬಹುದು, ಎಲ್ಲದರಲ್ಲೂ ಸಾಧ್ಯವಿಲ್ಲ. ತತ್ವದಲ್ಲಿ ಇದು ಐದರಲ್ಲೂ ಪ್ರಾಮಾಣಿಕವಾದ ದಾರಿ. ಆದರೆ ಮೀಟರಿಗೆ ಕೈ ಹಾಕುವ ಅದೇ ಉಪಕರಣದಿಂದ ಕಿಲೋಮೀಟರ್ ಹಿಂದೆ ತಿರುಗಿಸಿ ಹಳೆಯ ಗಾಡಿಯನ್ನು ಹೊಸದೆಂದು ಮಾರುವವರೂ ಇದ್ದಾರೆ. ತಿದ್ದುವ ಬಾಗಿಲು ತೆರೆದಷ್ಟೂ ಮೋಸದ ಬಾಗಿಲೂ ತೆರೆಯುತ್ತದೆ ಎಂಬ ಆತಂಕ ನ್ಯಾಯವಾದದ್ದೇ.

ಈ ವಾದಕ್ಕೆ ನಮ್ಮ ನಡುವೆಯೇ ಒಂದು ಹಳೆಯ ಮಾದರಿಯಿದೆ: ಆಟೋ ಮೀಟರು. ಅದೂ ಗಾಲಿಯ ಸುತ್ತನ್ನೇ ಎಣಿಸಿ ಬಾಡಿಗೆ ಹೇಳುತ್ತದೆ. ಟೈರು ಚಿಕ್ಕದಾದರೆ ಪ್ರಯಾಣಿಕನಿಗೆ ನಷ್ಟ, ದೊಡ್ಡದಾದರೆ ಚಾಲಕನಿಗೆ. ಅದಕ್ಕಾಗಿಯೇ ಕಾನೂನು ಮಾಪನಶಾಸ್ತ್ರ ಇಲಾಖೆ ವರ್ಷಕ್ಕೊಮ್ಮೆ ಅದನ್ನು ಪರೀಕ್ಷಿಸಿ ಸೀಲು ಹಾಕುತ್ತದೆ. ಹತ್ತು ರೂಪಾಯಿಯ ಬಾಡಿಗೆ ತಪ್ಪಬಾರದೆಂದು ಇಷ್ಟು ಎಚ್ಚರ ವಹಿಸುವ ನಾವು, ಜೀವ ಹೋಗಬಲ್ಲ ವೇಗದ ಮೀಟರಿಗೆ ಖಾಸಗಿ ಗಾಡಿಗಳಲ್ಲಿ ಅಂಥ ರೂಢಿಯನ್ನೇ ಬೆಳೆಸಿಕೊಂಡಿಲ್ಲ.

ಟೈರು ಬದಲಿಸದಿದ್ದರೂ

ಅಳತೆ ಬದಲಿಸದವರೂ ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಹೊಸ ಕಾರಿನ ಟೈರಿಗೆ ಸುಮಾರು 8 ಮಿ.ಮೀ. ಗ್ರಿಪ್ ಇರುತ್ತದೆ. 1.6 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು. ಅಷ್ಟರಲ್ಲಿ ವ್ಯಾಸ ಸುಮಾರು 13 ಮಿ.ಮೀ. ಕುಗ್ಗಿ, ಸ್ವಿಫ್ಟ್‌ನಂಥ ಕಾರಿನ ಮೀಟರು ಶೇ 2ರಷ್ಟು ಹೆಚ್ಚು ಹೇಳತೊಡಗಿರುತ್ತದೆ. ಹುಡುಗನಿಗೆ ಬದಲಾವಣೆ ಅಷ್ಟು ಜೋರಾಗಿ ಅನಿಸಿದ್ದಕ್ಕೆ ಇದೂ ಕಾರಣ. ಅವನು ಹೋಲಿಸಿದ್ದು ಸವೆದ ಹಳೆಯ ಟೈರನ್ನು, ಹೊಸ ದೊಡ್ಡ ಟೈರಿನ ಜೊತೆ. ಆ ಎರಡರ ನಡುವಿನ ಅಂತರ ಶೇ 6ರ ಹತ್ತಿರ.

ಗಾಳಿಯ ವಿಷಯದಲ್ಲಿ ಅಭಿಪ್ರಾಯ ಎರಡಾಗಿದೆ. ಗಾಳಿ ಕಡಿಮೆಯಾದರೆ ಟೈರು ತಗ್ಗುತ್ತದೆ, ಆದ್ದರಿಂದ ಮೀಟರು ಬಹಳ ಕೆಡುತ್ತದೆ ಎಂಬುದು ಒಂದು. ರೇಡಿಯಲ್ ಟೈರಿನೊಳಗಿನ ಉಕ್ಕಿನ ಪಟ್ಟಿ ಉದ್ದವಾಗುವುದೂ ಇಲ್ಲ, ಗಿಡ್ಡವಾಗುವುದೂ ಇಲ್ಲ. ಟೈರು ಚಪ್ಪಟೆಯಾದರೂ ಆ ಪಟ್ಟಿಯ ಉದ್ದವೇ ನೆಲದ ಮೇಲೆ ಹಾಸುತ್ತ ಹೋಗುತ್ತದೆ, ಆದ್ದರಿಂದ ವ್ಯತ್ಯಾಸ ತೀರಾ ಸಣ್ಣದು ಎಂಬುದು ಇನ್ನೊಂದು. ಎರಡನೆಯದು ನಿಜಕ್ಕೆ ಹತ್ತಿರ. ಟೈರ್ ತಯಾರಕರ ಲೆಕ್ಕದಲ್ಲಿ ರೇಡಿಯಲ್ ಟೈರು ಒಂದು ಸುತ್ತಿಗೆ ವ್ಯಾಸದ 3.05 ಪಟ್ಟು ದೂರ ಸಾಗುತ್ತದೆ, ಹಳೆಯ ಬಗೆಯ ನೈಲಾನ್ ಅಡ್ಡಪದರದ ಟೈರು 2.99 ಪಟ್ಟು. ಎರಡೂ ಪೈಯ 3.14ಕ್ಕಿಂತ ಕಡಿಮೆ, ಯಾಕೆಂದರೆ ಭಾರ ಹೊತ್ತ ಟೈರು ಪೂರ್ತಿ ದುಂಡಗಿರುವುದಿಲ್ಲ. ಆದರೂ ಗಾಳಿಯ ಆ ಸಣ್ಣ ವ್ಯತ್ಯಾಸ ಸುಳ್ಳಲ್ಲ. ಗಾಳಿ ಇಳಿದ ಗಾಲಿ ಉಳಿದ ಮೂರಕ್ಕಿಂತ ತುಸು ಹೆಚ್ಚು ಸುತ್ತುತ್ತದೆ ಎಂಬುದನ್ನೇ ಹಿಡಿದು ಕೆಲವು ಕಾರುಗಳು ಪಂಕ್ಚರಿನ ಎಚ್ಚರಿಕೆ ಕೊಡುತ್ತವೆ.

ಇನ್ನೂ ತೀರ್ಮಾನವಾಗದ್ದು

ಮೊದಲನೆಯದು ಕಾನೂನಿನ ಪ್ರಶ್ನೆ. 52ನೇ ಕಲಂ ಮಾರ್ಪಾಡು ಎಂಬುದನ್ನು ವಾಹನದ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆ ಎಂದು ವಿವರಿಸುತ್ತದೆ. ಅದೇ ರಿಮ್ಮಿಗೆ 30 ಮಿ.ಮೀ. ದೊಡ್ಡ ಟೈರು ಹಾಕುವುದು ಮೂಲ ಲಕ್ಷಣದ ಬದಲಾವಣೆಯೇ? ಎಷ್ಟು ಮಿಲಿಮೀಟರಿನಿಂದ ಆಗುತ್ತದೆ? ಓದುವವರ ಮೇಲೆ ಉತ್ತರ ನಿಂತಿದೆ.

ಎರಡನೆಯದು ಹೊಣೆ. ಪೊಲೀಸರ ರಡಾರ್ ಗನ್ನು ನೋಡುವುದು ಗಾಡಿಯ ನಿಜ ವೇಗವನ್ನು, ‘ನನ್ನ ಮೀಟರು 80 ತೋರಿಸುತ್ತಿತ್ತು’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಹಾಗಿದ್ದರೆ ದೊಡ್ಡ ಟೈರು ಮಾರುವವರು ಬಿಲ್ಲಿನ ಮೇಲೆ ‘ನಿಮ್ಮ ಮೀಟರು ಇನ್ನು ಶೇಕಡಾ ಇಷ್ಟು ಕಡಿಮೆ ಹೇಳುತ್ತದೆ’ ಎಂದು ಬರೆದುಕೊಡಬೇಕಲ್ಲವೇ? ಬರೆದುಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಎರಡು ಅಳತೆ, ಒಂದು ಭಾಗಾಕಾರ.

ಮೂರನೆಯದು, ಮೀಟರು ಹೆಚ್ಚು ಹೇಳುವುದು ಒಳ್ಳೆಯದೇ ಎಂಬುದು. ಹೆಚ್ಚು ಹೇಳುತ್ತದೆ ಎಂದು ಎಲ್ಲರಿಗೂ ಗೊತ್ತಾದರೆ ಚಾಲಕರು ಮನಸ್ಸಿನಲ್ಲೇ ಐದು ಕಳೆದು ಓಡಿಸುತ್ತಾರೆ, ಆಗ ಆ ಎಚ್ಚರಿಕೆಗೆ ಅರ್ಥವಿಲ್ಲ. ನಾಲ್ಕನೆಯದು, ಉಪಗ್ರಹದ ಅಳತೆಯಿಂದ ಕಾರೇ ತನ್ನ ಮೀಟರನ್ನು ತಿದ್ದಿಕೊಳ್ಳಲಿ ಎಂಬ ಸಲಹೆ. ಎರಡರಲ್ಲಿ ವ್ಯತ್ಯಾಸ ಬಂದಾಗ ಯಾವುದನ್ನು ನಂಬಬೇಕು ಎಂಬಲ್ಲಿ ಅದು ತಡೆದು ನಿಂತಿದೆ.

ನಂದಿಗುಡಿ ದಾಟಿದ ಮೇಲೆ ಈ ಯಾವ ವಾದವೂ ನನಗೆ ದೂರದ್ದೆನಿಸಲಿಲ್ಲ. ಅಮಾವಾಸ್ಯೆಗೆ ಆ ದಾರಿ ತುಂಬುತ್ತದೆ. ಕಾಯಿಲೆಯವರನ್ನು, ಮನಸ್ಸಿನ ಬೇನೆಯವರನ್ನು ಕರೆದುಕೊಂಡ ಕುಟುಂಬಗಳು, ಟ್ರ್ಯಾಕ್ಸು, ಟ್ರ್ಯಾಕ್ಟರು, ಅಂಚಿನಲ್ಲಿ ನಡೆದು ಹೋಗುವವರು. ಮುಳ್ಳು ಹೇಳಿದ್ದಕ್ಕಿಂತ ವೇಗ ಶೇ 4.3 ಹೆಚ್ಚಾದರೆ ಬ್ರೇಕು ತಡೆಯಬೇಕಾದ ಶಕ್ತಿ ಹೆಚ್ಚು ಕಡಿಮೆ ಶೇ 9 ಏರುತ್ತದೆ. ರಸ್ತೆಯ ಅಂಚಿನಲ್ಲಿ ನಡೆಯುವವರಿಗೆ ಆ ಲೆಕ್ಕ ಗೊತ್ತಿಲ್ಲ, ಅದನ್ನು ತಿಳಿದಿರಬೇಕಾದವನು ಸ್ಟೀರಿಂಗ್ ಹಿಡಿದವನು. ಮಳೆಗಾಲದಲ್ಲಿ ತುಂಗಭದ್ರೆ ಏರಿ ಫತ್ತೇಪುರದ ಕಡೆಯ ರಸ್ತೆ ಮುಳುಗುತ್ತದೆ, ಅದಕ್ಕೇ ಗಾಡಿ ಎತ್ತರ ಬೇಕಿತ್ತು ಎಂದ ಹುಡುಗ. ಅವನಿಗೆ ಸಿಕ್ಕ ಎತ್ತರ ವ್ಯಾಸದ ಅರ್ಧ, ಒಂದೂವರೆ ಸೆಂಟಿಮೀಟರ್.

ನದಿಯ ದಂಡೆಯಲ್ಲಿ ಗಾಡಿ ನಿಲ್ಲಿಸಿದಾಗ ಅಕ್ಕ ಕುಂಕುಮದ ಪೊಟ್ಟಣದ ಕಾಗದ ಹರಿದು ಕೊಟ್ಟಳು. ಹುಡುಗ ಅದರ ಮೇಲೆ ಎರಡು ಸಾಲು ಬರೆದು ಮೀಟರಿನ ಪಕ್ಕಕ್ಕೆ ಅಂಟಿಸಿದ. ‘ಮುಳ್ಳು 60, ನಿಜ 61. ಕಿಲೋಮೀಟರ್ 96, ನಿಜ 100.’ 80ರ ಸಾಲಿಗೆ ಜಾಗ ಬಿಟ್ಟಿದ್ದಾನೆ. ಅದನ್ನು ಹೆದ್ದಾರಿಯಲ್ಲಿ ಅಳೆದ ಮೇಲೆ ಬರೆಯಬೇಕು.